ಉಪ್ಪ ಮುಟ್ಟದ ನಟ್ಟು

ಮಂಚದ ಕಾಲುಗಳು ದೋಣಿಯ ಹಲಗೆ ಮುಟ್ಟಿದ್ದೇ ತಡ, ಉನೈಸನ ಕಣ್ಣು ಇಂಜಿನ್ ಪೆಟ್ಟಿಗೆಯತ್ತ ಹೋಯಿತು. ಮಂಚದ ಮೇಲೆ, ಬಿಳಿ ಬಟ್ಟೆಯೊಳಗೆ, ಡೀಸೆಲ್ ಇಂಜಿನ್ ರಿಪೇರಿಯಲ್ಲೇ ತಲೆ ನರೆಸಿಕೊಂಡ ಅವನ ತಂದೆ, ಉಪ್ಪ ಹಸನಬ್ಬ. ಬೆಳಗಿನ ನಮಾಝಿಗೆ ಎದ್ದವರು ಎದೆ ಹಿಡಿದು ಕೂತರು, ಅಷ್ಟೆ. ಬಂಟ್ವಾಳದ ರಸ್ತೆಗೆಲ್ಲ ನೆರೆ ಬಂದಿತ್ತು. ಮಸೀದಿಯೂ ಕಬರಸ್ತಾನವೂ ನೇತ್ರಾವತಿಯ ಆಚೆ ದಡದಲ್ಲಿ. ಸಂಕಪ್ಪನ ದೋಣಿಯೊಂದೇ ಗತಿ.

“ಸಂಕಪ್ಪಣ್ಣ, ಒಂಚೂರು ನಿಲ್ಲಿ. ಫಿಲ್ಟರ್ ನೋಡ್ತೇನೆ.”

“ಎಂಥ ಮಾರಾಯ? ನಿನ್ನೆ ಹಸನಬ್ಬ ಬ್ಯಾರಿಯೇ ಕೂತು ಹಾಕಿದ್ದಲ್ವಾ? ಅವರ ಕೈ ಮುಟ್ಟಿದ ಮೇಲೆ ನೋಡ್ಲಿಕ್ಕೆ ಎಂಥ ಉಂಟು?”

“ಮಯ್ಯತ್ತನ್ನು ಕಾಯಿಸುವುದಾ?” ಶವದ ಪಕ್ಕ ನಿಂತಿದ್ದ ಸೋದರಮಾವ ಬಾವಾ ಮಾಮ ಗದರಿದರು. “ಹೋಗುವ, ಹೋಗುವ. ನೀರು ಏರ್ತಾ ಉಂಟು.”

ಉನೈಸ್ ಪೆಟ್ಟಿಗೆಯ ಬಳಿಯೇ ಕೂತ. ಉಪ್ಪನ ಕೈ ಮುಟ್ಟದ ನಟ್ಟೊಂದು ಅಲ್ಲಿದೆ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?

*

ಡೀಸೆಲ್ಲಿಗೆ ನೀರು ಸೇರಿ ಸಂಕಪ್ಪನ ದೋಣಿ ನಡುಹೊಳೆಯಲ್ಲಿ ಕೈಕೊಡುವುದು ಮಾಮೂಲಾಗಿತ್ತು. ಅದಕ್ಕೇ ಹಿಂದಿನ ದಿನ ಅಪ್ಪ-ಮಗ ಟ್ಯಾಂಕಿಗೂ ಇಂಜಿನ್ನಿಗೂ ನಡುವೆ ನೀರು, ಕೆಸರು ಸೋಸುವ ಫಿಲ್ಟರ್ ಕೂರಿಸಿದ್ದು. ಉಪ್ಪನದೊಂದು ಚಾಳಿ: ಮಗ ಬಿಗಿದ ಪ್ರತಿ ನಟ್ಟಿಗೂ ತಾವೊಮ್ಮೆ ಸ್ಪಾನರ್ ಹಾಕಿ ನೋಡಲೇಬೇಕು. ಹೆಂಡತಿ ಮಕ್ಕಳಿರುವ ಗಂಡಸು, ಊರವರೆದುರು ಎಷ್ಟೆಂದು ಸಹಿಸಿಕೊಳ್ಳುವುದು? ಕೊನೆಯ ಪೈಪು ಬಿಗಿದಾಗಲೂ ಉಪ್ಪ ಕೈ ಚಾಚಿದರು.

“ಮುಟ್ಟಬೇಡಿ! ನನ್ನ ಮೇಲೆ ನಂಬಿಕೆ ಇಲ್ಲದಿದ್ರೆ ಎಲ್ಲ ನೀವೇ ಮಾಡಿ.”

ಚಾಚಿದ ಕೈ ಅಲ್ಲೇ ನಿಂತಿತು. “ಆಯ್ತು ಮೋನೆ,” ಎಂದರು ಉಪ್ಪ. ಸ್ಪಾನರನ್ನು ಒರೆಸಿ ಚೀಲಕ್ಕಿಟ್ಟರು. ದಡದಲ್ಲೇ ಸ್ಟಾರ್ಟ್ ಮಾಡಿ ನೋಡಿದಾಗ ಇಂಜಿನ್ ಚೆನ್ನಾಗಿಯೇ ಓಡಿತ್ತು.

*

ನಡುಹೊಳೆಗೆ ಬಂದಾಗ ಇಂಜಿನ್ ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತೇಹೋಯಿತು. ದೋಣಿ ಅಡ್ಡ ತಿರುಗಿ ಕೆಳಗಿನ ಕಿಂಡಿ ಅಣೆಕಟ್ಟಿನ ಕಡೆ ಜಾರತೊಡಗಿತು.

“ಯಾ ಅಲ್ಲಾಹ್!” ಬಾವಾ ಮಾಮ ಮಂಚವನ್ನು ತಬ್ಬಿ ಹಿಡಿದರು.

ಸಂಕಪ್ಪ ಗಳ ಇಳಿಬಿಟ್ಟ. ತಳ ಸಿಗಲಿಲ್ಲ. “ಛೆ! ಬ್ಯಾರಿಯ ಕೆಲಸ ಹೀಗಾಗುದಾ?”

“ಉಪ್ಪನದ್ದಲ್ಲ ಸಂಕಪ್ಪಣ್ಣ! ನಾನು ಬಿಗಿದದ್ದು. ಅವರಿಗೆ ಮುಟ್ಟಲಿಕ್ಕೆ ಬಿಡಲಿಲ್ಲ ನಾನು!”

ಉನೈಸ್ ಪೆಟ್ಟಿಗೆ ತೆರೆದ. ಉಪ್ಪ ಹಿಂದಿನ ದಿನ ಬಿಟ್ಟುಹೋಗಿದ್ದ ಚೀಲ ಅಲ್ಲೇ ಇತ್ತು. ಕೊನೆಯ ನಟ್ಟು ಬರಿಬೆರಳಿಗೇ ತಿರುಗಿತು. ಅಲ್ಲಿಂದಲೇ ಪೈಪಿಗೆ ಗಾಳಿ ಹೊಕ್ಕು ಡೀಸೆಲ್ ಬರುವುದು ನಿಂತಿತ್ತು. ಅದನ್ನು ಬಿಗಿದು, ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತತೊಡಗಿದ. ಬರೀ ಗುಳ್ಳೆ. ಅಣೆಕಟ್ಟಿನ ಮೊರೆತ ಕಿವಿಗೆ ಬೀಳುತ್ತಿತ್ತು. ಮತ್ತೆ ಗುಳ್ಳೆ. ಕಡೆಗೊಮ್ಮೆ ಗುಳ್ಳೆಯಿಲ್ಲದ ಡೀಸೆಲ್ ಬೆರಳ ಮೇಲೆ ಹರಿಯಿತು. ಸ್ಕ್ರೂ ಬಿಗಿದ.

“ಸ್ಟಾರ್ಟ್ ಮಾಡಿ!”

ಇಂಜಿನ್ ಗೊರಗುಟ್ಟಿತು, ನಡುಗಿತು, ಹಿಡಿದುಕೊಂಡಿತು. ದೋಣಿಯ ಮೂತಿ ಮೆಲ್ಲಗೆ ದಡದತ್ತ ತಿರುಗಿತು.

“ಸಾಕು ಮಗಾ, ಎದ್ದು ಬಾ,” ಎಂದರು ಮಾಮ. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ.

ಉನೈಸ್ ಏಳಲಿಲ್ಲ. ಸ್ಪಾನರನ್ನು ಆ ನಟ್ಟಿಗೇ ಸಿಕ್ಕಿಸಿ, ಎಂದಿನಂತೆ ಉಪ್ಪನಿಗೆ ಜಾಗ ಬಿಟ್ಟು ಪಕ್ಕಕ್ಕೆ ಜರುಗಿದ. ಬೆನ್ನಿಗೆ ಮಂಚದ ಕಾಲು ತಗುಲಿತು.