ನೆಲನೆಲ್ಲಿ ಕುಡಿದ ಬೀಗರು

ಮರಿಸ್ವಾಮಿಗೆ ಕಾಮಾಲೆ ಇಳಿದಿತ್ತು. ಪಥ್ಯ ಮಾತ್ರ ಇಳಿದಿರಲಿಲ್ಲ. ಕುಂಬಾರಕೊಪ್ಪಲಿನಲ್ಲಿ ನೆಲನೆಲ್ಲಿಯನ್ನು ಅರೆದು ಹಾಲಿನಲ್ಲಿ ಕದಡಿ ಕೊಡುತ್ತಿದ್ದ ನೀಲಮ್ಮನವರ ಕರಾರು ಒಂದೇ: ಗೌರಿ ಹಬ್ಬದವರೆಗೆ ಎಣ್ಣೆ, ಖಾರ, ಮಾಂಸ ಕೂಡದು.

ಆದರೆ ಮಗಳ ಬೀಗರೂಟ ಜ್ಯೇಷ್ಠದಲ್ಲೇ ಬಂತು. ಗಂಡಿನ ತಂದೆ, ಬನ್ನಿಮಂಟಪದ ಚಿಕ್ಕಯ್ಯ, ಮದುವೆಯ ದಿನವೇ ತಮ್ಮ ಎಲೆಗೆ ಹಪ್ಪಳ ತಡವಾಗಿ ಬಂತೆಂದು ಮುಖ ತಿರುಗಿಸಿದ್ದವರು. ಬೀಗರೂಟದಲ್ಲಿ ಹೆಣ್ಣಿನ ತಂದೆ ಗಂಡಿನ ತಂದೆಯ ಪಕ್ಕದಲ್ಲೇ ಕುಳಿತು ಜೊತೆಯಲ್ಲಿ ಮಾಂಸ ತಿನ್ನಬೇಕು. ಅವರಿಬ್ಬರೂ ಬಾಯಿಗಿಡುವವರೆಗೆ ಪಂಕ್ತಿಯಲ್ಲಿ ಯಾರೂ ಕೈ ಹಾಕುವಂತಿಲ್ಲ. ಚಿಕ್ಕಯ್ಯ ಎಲೆ ಬಿಟ್ಟು ಎದ್ದರೆ ಮಗಳು ಆ ಮಾತನ್ನು ಗಂಡನ ಮನೆಯಲ್ಲಿ ಜೀವಮಾನವಿಡೀ ಕೇಳಬೇಕಾಗುತ್ತಿತ್ತು.

ಈ ಸಂಕಟದಲ್ಲಿದ್ದಾಗ ಪಕ್ಕದ ಮನೆಯ ಕಾಲೇಜು ಮೇಷ್ಟ್ರು ಸದಾಶಿವಯ್ಯ ಒಂದು ಸಂಗತಿ ಹೇಳಿದರು. ಅವರ ಕಾಲೇಜಿನಲ್ಲಿ ಕೆಲವು ಮೊಲಗಳಿಗೆ ಮೊದಲು ನೆಲನೆಲ್ಲಿ ರಸ ಕುಡಿಸಿ, ಆಮೇಲೆ ಈಲಿ, ಅಂದರೆ ಪಿತ್ತಜನಕಾಂಗ, ಕೆಡಿಸುವ ವಿಷ ಕೊಟ್ಟಿದ್ದರಂತೆ. ರಸ ಕುಡಿದ ಮೊಲಗಳ ಈಲಿ, ಕುಡಿಯದವುಗಳಷ್ಟು ಕೆಟ್ಟಿರಲಿಲ್ಲವಂತೆ.

ಮರಿಸ್ವಾಮಿ ನೇರವಾಗಿ ನೀಲಮ್ಮನ ಮನೆಗೆ ನಡೆದ.

"ಅವ್ವಾ, ಮೊದಲೇ ಕುಡಿದ್ರೆ ವಿಷಾನೂ ಏನೂ ಮಾಡಲ್ವಂತೆ. ಬರೀ ಬಾಡು ಏನ್ಮಾಡೀತು? ಮುಂಗಡವಾಗಿ ಒಂದು ಲೋಟ ಕೊಟ್ಬುಡಿ."

"ಮೊಲ ಹುಟ್ಟಿದಾಗಿಂದ ಪಥ್ಯದಲ್ಲೇ ಇರೋದು ಕಣಪ್ಪ," ಎಂದರು ನೀಲಮ್ಮ. "ನೀನೂ ಹುಲ್ಲು ತಿಂದ್ಕೊಂಡಿರು, ಕೊಡ್ತೀನಿ."

ಅವರು ಕೊಡದಿದ್ದರೇನು, ಗಿಡ ಬಚ್ಚಲು ನೀರು ಹರಿಯುವಲ್ಲೆಲ್ಲ ಬೆಳೆದಿತ್ತು. ಬೀಗರೂಟದ ಬೆಳಿಗ್ಗೆ ಮರಿಸ್ವಾಮಿ ತಾನೇ ಕಿತ್ತು, ಅರೆದು, ಒಂದು ಚೊಂಬು ಕುಡಿದ. ಕಹಿಗೆ ಕಣ್ಣಲ್ಲಿ ನೀರು ಬಂತು, ಮನಸ್ಸಿಗೆ ಧೈರ್ಯ ಬಂತು. ಚಪ್ಪರದ ಬಳಿ ಸಿಕ್ಕ ಸದಾಶಿವಯ್ಯನವರನ್ನು ಸುಮ್ಮನೆ ಕೇಳಿದ: "ಮೇಷ್ಟ್ರೇ, ಮೊಲದ ಈಲಿ ಚೆನ್ನಾಗದೆ ಅಂತ ಎಂಗೆ ಗೊತ್ತಾಯ್ತು?"

"ಕೊಯ್ದು ನೋಡಿದ್ವಿ."

"ರಸ ಕುಡಿದವನ್ನೂ?"

"ಅವನ್ನೂ. ಇಲ್ದಿದ್ರೆ ಹೇಗೆ ಗೊತ್ತಾಗುತ್ತೆ ಹೇಳಿ."

ಬಂದಿದ್ದ ಧೈರ್ಯ ಅಲ್ಲೇ ಹೋಯಿತು. ಅಷ್ಟರಲ್ಲಿ ಎಲೆ ಹಾಕಿದ್ದರು. ಮರಿಸ್ವಾಮಿ ಚಿಕ್ಕಯ್ಯನ ಪಕ್ಕ ಕುಳಿತ. ಮುದ್ದೆ ಬಂತು, ಸಾರು ಬಂತು, ಮರ್ಯಾದೆಗೆಂದು ಹುರಿದ ಈಲಿ ಬಂತು. ಚಿಕ್ಕಯ್ಯ ತಮ್ಮ ಎಲೆಯಿಂದ ದೊಡ್ಡ ತುಂಡೊಂದನ್ನು ಎತ್ತಿ ಮರಿಸ್ವಾಮಿಯ ಎಲೆಗೆ ಹಾಕಿದರು.

"ತಗಳಿ ಬೀಗ್ರೇ. ನೀವು ತಿಂದ ಮೇಲೇನೇ ನಾನು."

"ಎಲ್ಲಾರ ಉಂಟಾ? ಹಿರೀಕರು ನೀವು. ನೀವು ಮೊದಲು," ಎಂದು ಮರಿಸ್ವಾಮಿ ಎರಡು ತುಂಡು ಹಿಂದಕ್ಕೆ ಹಾಕಿದ.

ಚಿಕ್ಕಯ್ಯ ಮೂರು ಕೊಟ್ಟರು. ಉಪಚಾರದ ಬಿಸಿ ಏರಿದಂತೆ ಸಾರು ಆರುತ್ತಿತ್ತು. ಪಂಕ್ತಿಯುದ್ದಕ್ಕೂ ಜನ ಮುದ್ದೆ ಮುರಿದು ಹಿಡಿದು ಇವರಿಬ್ಬರ ಬಾಯನ್ನೇ ನೋಡುತ್ತಿದ್ದರು. "ಮಾಂಸ ಊರೆಲ್ಲ ತಿರುಗ್ತಾ ಅದೆ, ಹೊಟ್ಟೆಗೆ ಹೋಗೋ ದಾರಿ ಮಾತ್ರ ಮರ್ತೋಗದೆ," ಎಂದ ಒಬ್ಬ.

ಚಿಕ್ಕಯ್ಯ ಮತ್ತೊಂದು ತುಂಡು ಹಾಕಲು ಬಗ್ಗಿದಾಗ ಮರಿಸ್ವಾಮಿಗೆ ಅವರ ಕಣ್ಣು ಹತ್ತಿರದಿಂದ ಕಂಡಿತು. ಬಿಳಿ ಇರಬೇಕಾದಲ್ಲಿ ಬೇಳೆಯ ಬಣ್ಣ.

"ನೀಲಮ್ಮನೋರಾ?" ಎಂದ ಪಿಸುಮಾತಿನಲ್ಲಿ.

ಚಿಕ್ಕಯ್ಯನ ಕೈ ನಿಂತಿತು. "ನಿಮ್ಗೂನಾ? ಮೊದಲೇ ಯೋಳಬಾರದಾ ಮಾರಾಯ್ರೇ. ನೀವು ತಿನ್ನಲ್ಲ ಅಂದ್ರೆ ಜಗಳ ಮಾಡ್ಕೊಂಡು ಎದ್ದೋಗವ ಅಂತಿದ್ದೆ."

"ನಾನು ಬೆಳಿಗ್ಗೆ ಒಂದು ಚೊಂಬು ಕುಡ್ದು ಬಂದಿವ್ನಿ."

"ನಾನು ಎರಡು."

ಮರಿಸ್ವಾಮಿ ಕಿವಿಯಲ್ಲಿ ಮೊಲದ ಕೊನೆಯ ಗತಿಯನ್ನು ತಿಳಿಸಿದ. ಚಿಕ್ಕಯ್ಯ ಈಲಿಯ ತುಂಡನ್ನು ಎಲೆಯ ಅಂಚಿಗೆ ಸರಿಸಿ, ಗಂಟಲು ಸರಿಮಾಡಿಕೊಂಡು ಪಂಕ್ತಿಗೆಲ್ಲ ಕೇಳುವಂತೆ ಹೇಳಿದರು: "ನಾವಿಬ್ರೂ ಬೀಗ್ರು ಮಕ್ಕಳ ಸಲುವಾಗಿ ಒಂದೇ ಹರಕೆ ಹೊತ್ತಿವಿ. ಬಾಡು ಮುಟ್ಟಂಗಿಲ್ಲ. ಮೊಸರನ್ನ ತನ್ನಿ. ನೀವೆಲ್ಲಾ ಶುರು ಮಾಡಿ."

ಪಂಕ್ತಿ ನಿಟ್ಟುಸಿರು ಬಿಟ್ಟು ಸಾರಿಗೆ ಬಿತ್ತು. ಇಂಥ ಬೀಗತನ ಎಲ್ಲೂ ಇಲ್ಲ ಎಂದು ಒಬ್ಬಿಬ್ಬರು ಹೊಗಳಿದರು. ಮರಿಸ್ವಾಮಿಯ ಹೆಂಡತಿ ದೇವಿರಮ್ಮ ಮೊಸರನ್ನ ಬಡಿಸಲು ಬಂದು, ಇಬ್ಬರನ್ನೂ ಒಮ್ಮೆ ನೋಡಿದಳು.

"ಯಾವ ದೇವರಿಗೆ?"

"ಮಾದಪ್ಪಂಗೆ," ಎಂದ ಮರಿಸ್ವಾಮಿ.

"ನಂಜುಂಡಪ್ಪಂಗೆ," ಎಂದರು ಚಿಕ್ಕಯ್ಯ, ಅದೇ ಉಸಿರಿನಲ್ಲಿ.

ದೇವಿರಮ್ಮ ನಗಲಿಲ್ಲ. ಇಬ್ಬರ ಎಲೆಗೂ ಮತ್ತೊಂದು ಸೌಟು ಮೊಸರನ್ನ ಹಾಕಿದಳು. "ಇಬ್ರು ದೇವರಿಗೆ ಹರಕೆ ಹೊತ್ತವರೆ ಕಣ್ರೀ," ಎಂದು ಪಂಕ್ತಿಯ ಕಡೆ ತಿರುಗಿ ಸಾರಿದಳು. "ಗೌರಿ ಹಬ್ಬಕ್ಕೆ ಮುಗಿಯೋದಲ್ಲ. ಇಬ್ರೂ ಬರೋ ಯುಗಾದಿ ಗಂಟ ಬಾಡು ಮುಟ್ಟಲ್ವಂತೆ."