ಮಣಿ ಮೇಷ್ಟ್ರ ಮೊದಲ ಪಾಠ

ಆಸ್ಪತ್ರೆಯಿಂದ ಮೇಷ್ಟ್ರ ಹೆಣ ಬರುವಷ್ಟರಲ್ಲಿ ನಡುಮನೆಯಲ್ಲಿ ಜಾಗ ಮಾಡಬೇಕಿತ್ತು. ಅವರ ಮೇಜನ್ನು ಅವರ ಅಕ್ಕ ಒಂದು ಕಡೆ, ಕಾಲೇಜಿನ ವಿಭಾಗದ ಮುಖ್ಯಸ್ಥರು ಇನ್ನೊಂದು ಕಡೆ ಹಿಡಿದು ಎಳೆಯುತ್ತಿದ್ದಾಗ ಡ್ರಾಯರು ಜಾರಿ, ಬಟ್ಟೆಯ ಚೀಲವೊಂದು ನೆಲಕ್ಕೆ ಬಿತ್ತು. ಒಳಗೆ ಮಣಿಗಳು ಗಲಗಲ ಎಂದವು. ಹುಡುಗರು ಅವರನ್ನು ‘ಮಣಿ ಮೇಷ್ಟ್ರು’ ಎನ್ನುತ್ತಿದ್ದುದು ತರಗತಿಗೆ ದಿನವೂ ಹೊತ್ತು ತರುತ್ತಿದ್ದ ಈ ಚೀಲದಿಂದಲೇ.

“ಆಪರೇಷನ್‌ಗೆ ಹೆದರಿದ್ದ ಅವನು,” ಎಂದಳು ಅಕ್ಕ, ಯಾರ ಮುಖವನ್ನೂ ನೋಡದೆ. “ಯಾರು ಕೇಳಿದ್ರು?”

ಗೋಡೆಗೆ ಒರಗಿ ಕೂತಿದ್ದ ಮೇಷ್ಟ್ರ ಹೆಂಡತಿ ತಲೆ ಎತ್ತಲಿಲ್ಲ. “ನೂರರಲ್ಲಿ ತೊಂಬತ್ತು ಜನ ಎದ್ದು ಬರ್ತಾರೆ ಅಂದ್ರು ಡಾಕ್ಟ್ರು. ‘ತೊಂಬತ್ತು ಅಂತ ಪಾಠ ಮಾಡೋದು ಸುಲಭ ಕಣೆ, ಹೋಗಿ ಮಲಗೋದು ಕಷ್ಟ’ ಅಂದ್ರು ಇವರು. ನಾನೇ ಬಲವಂತ ಮಾಡಿದೆ ಅತ್ತಿಗೆ. ನಾನೇ ಕೊಂದೆ.”

ಮುಖ್ಯಸ್ಥರು ಬಗ್ಗಿ ಚೀಲವನ್ನು ಎತ್ತಿಕೊಂಡರು.

*

ವರ್ಷಗಳ ಹಿಂದೆ ಸಂಭವನೀಯತೆ, ಸಂಖ್ಯಾಶಾಸ್ತ್ರಗಳ ಪಠ್ಯಕ್ರಮ ಹೆಣೆಯಲು ಮೇಷ್ಟ್ರು, ಮುಖ್ಯಸ್ಥರು ಇಬ್ಬರೂ ಕೂತಿದ್ದ ದಿನ ಮೇಷ್ಟ್ರದು ಒಂದೇ ಹಟ: ಸೂತ್ರಕ್ಕಿಂತ ಮೊದಲು ಚೀಲ. ಅದರಲ್ಲಿ ತೊಂಬತ್ತು ಬಿಳಿ ಮಣಿ, ಹತ್ತು ಕಪ್ಪು. ಬಿಳಿಯೇ ಬರುತ್ತದೆಂದು ಪಂತ ಕಟ್ಟಿ ಕೈ ಹಾಕಬೇಕು. ಕಪ್ಪು ಬಂದರೂ ಕಟ್ಟಿದ ಪಂತ ಸರಿಯೇ.

“ಫಲ ಕೆಟ್ಟ ಕೂಡ್ಲೆ ತೀರ್ಮಾನಾನೂ ಕೆಟ್ಟದ್ದು ಅಂದ್ಕೊಂಡ್ಬಿಡ್ತಾರೆ ಸಾರ್. ಬದುಕಿರೋವರೆಗೂ ತಮ್ಮನ್ನೇ ಬೈಕೊಳ್ತಾರೆ. ಇದು ಮೊದ್ಲು ಬರ್ಬೇಕು.”

“ಪರೀಕ್ಷೆಗೆ ಬರಲ್ವಲ್ರೀ. ಕೊನೇಲಿ ಹಾಕೋಣ. ಟೈಮಿದ್ರೆ ಮಾಡಿದ್ರಾಯ್ತು.”

ಕೊನೆಯಲ್ಲಿ ಹಾಕಿದರು. ಹಾಳಾದ ಟೈಮು ಒಂದು ವರ್ಷವೂ ಸಿಗಲಿಲ್ಲ.

*

“ನಿಮ್ದೇನೂ ತಪ್ಪಿಲ್ಲಮ್ಮ,” ಎಂದರು ಮುಖ್ಯಸ್ಥರು. ಬೆಳಗಿನಿಂದ ಬಂದವರೆಲ್ಲ ಹೇಳಿಹೋದ ಮಾತು. ಅದು ಮೇಷ್ಟ್ರ ಹೆಂಡತಿಯ ಕಿವಿಗೇ ಬೀಳಲಿಲ್ಲ. ಅದನ್ನು ಬಿಡಿಸಿ ಹೇಳುವುದು ಹೇಗೆಂದು ಇವರಿಗೆ ತಿಳಿಯದು. ಆ ಪಾಠವನ್ನು ಇವರು ಯಾವತ್ತೂ ಮಾಡಿದವರಲ್ಲ.

ಮೊಣಕಾಲೂರಿ ಚೀಲವನ್ನು ಅವಳ ಮುಂದೆ ಹಿಡಿದರು. “ಒಂದು ತೆಗೀರಮ್ಮ.”

ಅವಳು ತೆಗೆದಳು. ಬಿಳಿ.

“ವಾಪಸ್ ಹಾಕಿ, ಕುಲುಕಿ, ಇನ್ನೊಂದ್ಸಲ.”

ಬಿಳಿ. ಮತ್ತೂ ಬಿಳಿ. ಒಂದಾದರೂ ಕಪ್ಪು ಬರಲೆಂದು ಮುಖ್ಯಸ್ಥರು ಹಲ್ಲು ಕಚ್ಚಿ ಕಾದರು. ಬಂದರೆ, ಕಟ್ಟಿದ ಪಂತ ಸರಿಯೇ ಇತ್ತೆಂಬ ಮೇಷ್ಟ್ರ ಮಾತನ್ನು ಹೇಳಬಹುದಿತ್ತು. ಬರಲಿಲ್ಲ.

“ಎಲ್ಲಾರೂ ಎದ್ದು ಬರ್ತಿದಾರಲ್ಲ ಸಾರ್,” ಎಂದಳು ಅವಳು.

ಹೊರಗೆ ಆಸ್ಪತ್ರೆಯ ಗಾಡಿ ಬಂದು ನಿಂತಿತು. “ಏಳಮ್ಮ, ಬಂದ,” ಎಂದು ಅಕ್ಕ ಅವಳ ಭುಜ ಹಿಡಿದಳು. ಅವಳು ಮಣಿಯನ್ನು ಚೀಲಕ್ಕೆ ಹಾಕಿ, ಕುಲುಕಿ, ಮತ್ತೆ ಒಳಗೆ ಕೈ ಇಳಿಸಿದಳು.