ಒಂದೇ ಚುಕ್ಕೆಯ ಎರಡು ಚಿತ್ರ

ಎಡಮೂಲೆಯ ಈ ಬೂದು ಕಣ, ಇದನ್ನು ಈಗಷ್ಟೇ ನೋಡಿದೆನಲ್ಲ — ಹೌದು, ಮೊದಲ ಚಿತ್ರದಲ್ಲೂ ಇತ್ತು, ಪಕ್ಕದ ಮೂರೂ ಹಾಗೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಮಧ್ಯದ ಬಿಳಿ ಚುಕ್ಕೆ, ಪರಮಾಣುಗಳ ಗುಂಪು, ಹರಡದೆ ನಿಂತಿದ್ದರೆ ಸಂತೋಷವೇ, ಅದನ್ನೇ ತೋರಿಸಲು ಹೊರಟಿದ್ದೆವು, ಯಾವ ಮಂಜಿಗೂ ಎಟುಕದಷ್ಟು ತಣ್ಣಗಾದ ಪರಮಾಣುಗಳನ್ನು ಒಂದು ಲೇಸರ್ ಬೆಳಕಿನ ಗುಳಿಗಳಲ್ಲಿ ಕೂರಿಸಿ, ಇನ್ನೊಂದರಿಂದ ಆ ಗುಳಿಗಳನ್ನು ಏರುಪೇರು ಮಾಡಿದರೆ, ಬಿಟ್ಟರೂ ಅವು ಅಲೆಯಂತೆ ಹರಡದೆ ಇದ್ದಲ್ಲೇ ಇರುತ್ತವೆಂದು — ಆದರೆ ಕ್ಯಾಮೆರಾದ ಈ ಬೂದು ಕಣಗಳು ಪ್ರತಿ ಸಲ ಬೇರೆ ಬೇರೆ ಕಡೆ ಬೀಳಬೇಕು, ಕಾದು ತೆಗೆದದ್ದೆಂಬ ಎರಡನೆಯ ಚಿತ್ರ ಮೊದಲನೆಯದರ ನಕಲು, ತೆಗೆದವನು ನನ್ನ ತಮ್ಮ, ಲೇಖನ ವಿಜ್ಞಾನ ಪತ್ರಿಕೆಗೆ ಹೋಗಿ ಎರಡು ದಿನವಾಯಿತು, ಮೇಲೆ ನನ್ನ ಹೆಸರು, ಕೆಳಗೆ ಅವನದು, ಚಿಕ್ಕಂದಿನಲ್ಲಿ ಲೆಕ್ಕ ಹೇಳಿಕೊಟ್ಟರೆ ಪುಸ್ತಕದ ಕೊನೆಯಲ್ಲಿ ಉತ್ತರ ನೋಡಿಕೊಂಡು ನಡುವಿನ ಸಾಲುಗಳನ್ನು ಹುಟ್ಟಿಸಿ ಬರೆಯುತ್ತಿದ್ದ, ಉತ್ತರ ಸರಿಯಿದ್ಯಲ್ಲಕ್ಕಾ, ಅಮ್ಮ ನಕ್ಕಳು, ನಾನೂ ನಕ್ಕೆ, ಯಾಕೆ ನಕ್ಕೆ.

ಅವನು ಬರುವ ಮೊದಲು ನಾನೇ ಮಾಡಿ ನೋಡಬೇಕು, ಕದ ಹಾಕಿಕೊಂಡು ಎರಡೂ ಲೇಸರ್ ಹಾಕಿದೆ, ಪರಮಾಣುಗಳನ್ನು ಬಿಟ್ಟೆ, ಕಾದೆ, ಚಿತ್ರ ತೆಗೆದೆ, ಚುಕ್ಕೆ ಕದಲಲಿಲ್ಲ, ಎರಡನೆಯ ಲೇಸರ್ ನಂದಿಸಿ ಮತ್ತೊಂದು ಚಿತ್ರ ತೆಗೆದರೆ ಹಾಲು ಚೆಲ್ಲಿದಂತೆ ಹರಡಿತು — ಹಾಗಾದರೆ ಫಲಿತಾಂಶ ನಿಜ, ಚಿತ್ರ ಮಾತ್ರ ಸುಳ್ಳು, ನೋಡಿದ್ಯಾ, ಸರಿಯಾಗೇ ಇತ್ತಲ್ಲ, ಅಂದ ತಮ್ಮ, ತನ್ನ ಬೀಗದ ಕೈಯಿಂದ ಕದ ತೆಗೆದು ಯಾವಾಗ ಬಂದು ಬೆನ್ನ ಹಿಂದೆ ನಿಂತನೋ, ಹಾಗಿದ್ರೆ ನಕಲು ಯಾಕೋ ಮಾಡ್ದೆ, ಅವತ್ತು ಕ್ಯಾಮೆರಾ ಕೈಕೊಡ್ತು, ನೀನು ಸಂಜೆಯೊಳಗೆ ಬೇಕೇ ಬೇಕು ಅಂತ ಕೂತಿದ್ದೆ, ಹೇಳಿದ್ರೆ ಕೇಳ್ತಿದ್ಯಾ — ಕೇಳುತ್ತಿರಲಿಲ್ಲ, ಅದು ಅವನಿಗೆ ಗೊತ್ತು, ಅದಕ್ಕೇ ಹಾಗೆ ಹೇಳುತ್ತಿದ್ದಾನೋ, ಹಳೆಯ ಚಿತ್ರಗಳೂ ಹೀಗೆಯೋ, ಮೊನ್ನೆ ಜ್ವರ ಎಂದದ್ದೂ ಸುಳ್ಳೋ, ಲೇಖನ ಹಿಂತೆಗೆದುಕೊಳ್ಳುತ್ತೇವೆಂದು ಅವನ ಎದುರೇ ಸಂಪಾದಕರಿಗೆ ಬರೆದೆ, ಕಾರಣವನ್ನೂ ಬರೆದೆ, ಕಳಿಸಿಬಿಟ್ಟೆ, ಅಕ್ಕಾ, ನನ್ನ ಕೆಲಸ ಹೋಗುತ್ತೆ, ನಂದೂ ಹೋಗಬಹುದು ಕಣೋ, ಅವನು ಅಳಲಿಲ್ಲ, ಜಗಳವಾಡಲಿಲ್ಲ, ಜೇಬಿನಿಂದ ಪ್ರಯೋಗಾಲಯದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟು ಹೋದ, ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು, ಆಮೇಲೆ ಅದೂ ಇಲ್ಲ, ಕರೆಯಬೇಕಿತ್ತು, ಊಟ ಮಾಡಿದೆಯಾ ಎಂದಾದರೂ ಕೇಳಬೇಕಿತ್ತು — ಇಷ್ಟು ಸಲೀಸಾಗಿ ಕೊಟ್ಟುಬಿಟ್ಟನೇ, ಬೀಗದ ಕೈ, ಹೊಸದರಂತೆ ಹೊಳೆಯುತ್ತಿದೆ, ನನ್ನದು ಸವೆದು ಕಪ್ಪಾಗಿದೆ, ಎರಡನ್ನೂ ಒಂದೇ ದಿನ ಕೊಟ್ಟಿದ್ದರು, ಇದು ಅದೇನಾ, ಇಲ್ಲ ಅದರದೇ ನಕಲೋ — ಬೀಗದ ಕೈ, ಹೊಳೆಯುವ ಹಲ್ಲುಗಳು, ಮೇಜಿನ ಮೇಲೆ, ಬೀಗದ ಕೈ